ದೀಪ ಇಳಿಸದ ಹಗೇವು

ಹೊಳಲ್ಕೆರೆಯ ನಮ್ಮ ಮನೆಯ ಹಿತ್ತಿಲಲ್ಲಿ ಎರಡು ಹಗೇವುಗಳಿದ್ದವು. ಈಗ ಒಂದೇ ಇದೆ.

ಹಗೇವೆಂದರೆ ಜೋಳ, ರಾಗಿ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಕಿರಿದು, ಒಬ್ಬ ಮನುಷ್ಯ ಮೈ ಸಣ್ಣ ಮಾಡಿಕೊಂಡು ಇಳಿಯುವಷ್ಟು. ಒಳಗೆ ಹೊಟ್ಟೆ ದೊಡ್ಡದು, ಎರಡಾಳು ಆಳ. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ ಮೇಲೆ ಒಳಗಿನ ಗಾಳಿ ಕೆಡುತ್ತದೆ. ಅದಕ್ಕೇ ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ. ಬೆಳಿಗ್ಗೆ ಚಪ್ಪಡಿ ಸರಿಸಿ, ಬಿಸಿಲೇರುವವರೆಗೆ ಬಿಟ್ಟು, ಹಗ್ಗಕ್ಕೆ ಬುಡ್ಡಿ ದೀಪ ಕಟ್ಟಿ ಮೆಲ್ಲಗೆ ಇಳಿಬಿಡುತ್ತಾರೆ. ದೀಪ ತಳ ಮುಟ್ಟಿಯೂ ಉರಿಯುತ್ತಿದ್ದರೆ ಆಳು ಇಳಿಯಬಹುದು. ನಡುವೆ ಆರಿತೋ, ಬೇವಿನ ಕೊಂಬೆ ಕಟ್ಟಿ ಇಳಿಸಿ ಎತ್ತಿ ಗಾಳಿ ಆಡಿಸಿ ಮತ್ತೆ ದೀಪ ಇಳಿಸಬೇಕು. ನಮ್ಮ ಮನೆಯಲ್ಲಿ ಈ ಕ್ರಮ ತಪ್ಪಿದ್ದು ಒಂದೇ ಸಲ. ಆ ಸಲ ಇಳಿದವರು ನನ್ನ ಚಿಕ್ಕಪ್ಪ. ಅವರು ಜೀವಂತ ಮೇಲೆ ಬರಲಿಲ್ಲ.

ನಮ್ಮದು ಸೀಮೆಎಣ್ಣೆಯ ಅಂಗಡಿ. ಚಿಕ್ಕಜಾಜೂರಿನ ಸ್ಟೇಷನ್ನಿನಲ್ಲಿ ವ್ಯಾಗನ್ನಿನಿಂದ ಇಳಿದ ಡಬ್ಬಗಳು ಎತ್ತಿನ ಗಾಡಿಯಲ್ಲಿ ನಮ್ಮಲ್ಲಿಗೆ ಬರುತ್ತಿದ್ದವು. ಅಪ್ಪ ಒಂದಿಷ್ಟನ್ನು ಚಿತ್ರದುರ್ಗದ ವ್ಯಾಪಾರಿಗಳಿಗೆ ಕಳಿಸಿ, ಉಳಿದದ್ದನ್ನು ಊರವರಿಗೆ ಬಾಟಲಿಯ ಲೆಕ್ಕದಲ್ಲಿ ಮಾರುತ್ತಿದ್ದರು. ಡಬ್ಬಗಳನ್ನು ಅಂಗಡಿಯ ಹಿಂಗೋಡೆಗೆ ಒತ್ತಿ ಒಂದರ ಮೇಲೊಂದು ಪೇರಿಸುವುದು ನಮ್ಮ ತಾತನ ಕಾಲದ ರೂಢಿ. ಬೀದಿಯಲ್ಲಿ ಹೋಗುವವರಿಗೂ ಆ ರಾಶಿ ಕಾಣುತ್ತಿತ್ತು. ರಾಶಿ ಸೂರು ಮುಟ್ಟಿದ್ದರೆ ಯಾರೂ ಅವಸರ ಮಾಡುತ್ತಿರಲಿಲ್ಲ. ಅದು ಇಳಿದು ಹಿಂದಿನ ಸುಣ್ಣದ ಗೋಡೆ ಬೆಳ್ಳಗೆ ಕಾಣತೊಡಗಿದರೆ ಊರಿಗೆಲ್ಲ ಸುದ್ದಿ: ‘ಗೋಡೆ ಕಾಣ್ತೈತೆ.’ ಮಾರನೆಯ ದಿನ ಒಂದು ಬಾಟಲಿ ಒಯ್ಯುವವರು ಎರಡು ಬಾಟಲಿ ತರುತ್ತಿದ್ದರು. ಅದರ ಮಾರನೆಯ ದಿನ ಅಪ್ಪ ಬೆಲೆ ಏರಿಸುತ್ತಿದ್ದರು.

ದುರ್ಗದಲ್ಲಿ ಓದು ಮುಗಿಸಿ ಬಂದು ಅಂಗಡಿಯಲ್ಲಿ ಕೂತ ದಿನದಿಂದ ನಾನು ದಿನಚರಿ ಬರೆಯುತ್ತೇನೆ. ತಿಥಿ, ಮಳೆ, ರಾಶಿಯ ಎತ್ತರ, ಬಾಟಲಿಯ ಬೆಲೆ, ಇಷ್ಟೇ. ಎತ್ತರಕ್ಕೆ ನನ್ನ ಮೈಯೇ ಅಳತೆ: ಮೊಣಕಾಲು, ಸೊಂಟ, ಎದೆ, ತಲೆ. ಒಂದು ವರ್ಷದ ಸಾಲುಗಳನ್ನು ಒಟ್ಟಿಗೆ ಓದಿದಾಗ ತಿಳಿದದ್ದು ಇದು: ಬೆಲೆ ಏರುತ್ತಿದ್ದುದು ಎಣ್ಣೆ ಮುಗಿದಾಗಲ್ಲ. ರಾಶಿ ಸೊಂಟಕ್ಕಿಂತ ಕೆಳಗಿಳಿದ ದಿನವೇ ಏರುತ್ತಿತ್ತು. ಆಗಲೂ ಊರಿಗೆ ಒಂದು ತಿಂಗಳಿಗೆ ಸಾಕಾಗುವಷ್ಟು ಎಣ್ಣೆ ಇರುತ್ತಿತ್ತು. ಇದನ್ನು ಅಪ್ಪನಿಗೆ ತೋರಿಸಿದೆ. ಅವರು ಓದಿ, “ಇದಕ್ಕೆ ಇಷ್ಟು ಮಸಿ ಖರ್ಚು ಮಾಡಿದೆಯಾ? ನಿಮ್ಮ ಅಜ್ಜಿನ ಕೇಳಿದ್ರೆ ಹೇಳ್ತಿದ್ಲು,” ಎಂದರು.

ಅಷ್ಟರಲ್ಲಿ ಜರ್ಮನಿಯ ಯುದ್ಧ ಬಂತು. ವ್ಯಾಗನ್ನುಗಳು ಬರುವುದು ನೆಚ್ಚಿಕೆಯಿಲ್ಲದಂತಾಯಿತು. ಒಂದು ತಿಂಗಳು ಬಂದರೆ ಎರಡು ತಿಂಗಳು ಇಲ್ಲ. ಗೋಡೆ ಕಾಣುವುದು ವಾಡಿಕೆಯಾಗಿ ಹೋಯಿತು.

ನಮ್ಮ ಹಿತ್ತಿಲಿನ ಬೇಲಿಯಾಚೆ ಕುರಿ ಸಾಕುವವರ ಮನೆ. ಆ ಮನೆಯ ಯಜಮಾನಿ ದಿನಾ ಬಾಟಲಿ ಹಿಡಿದು ಬರುತ್ತಿದ್ದಳು. ಮಾತಿನಲ್ಲಿ ಅವಳನ್ನು ಗೆದ್ದವರಿಲ್ಲ.

“ಇದೇನ್ರಿ ಸಾವ್ಕಾರ್ರೆ, ನಿಮ್ಮ ಗೋಡೆ ಮದುವೆ ಹೆಣ್ಣಿನಂಗೆ ಬೆಳ್ಳಗೆ ಕಾಣ್ತೈತೆ. ನಾಳೆ ರೇಟಿಗೆ ಎಣ್ಣೆ ಅರಿಶಿಣವೋ?”

ಅಪ್ಪ ತಲೆಯೆತ್ತದೆ ಬಾಟಲಿ ತುಂಬುತ್ತಿದ್ದರು. ಚಿಕ್ಕಪ್ಪ ಬಿಡುತ್ತಿರಲಿಲ್ಲ. “ಗೋಡೆಗೆ ಕಣ್ಣು ಹಾಕಬ್ಯಾಡವ್ವ, ಬಿರುಕು ಬಿಡ್ತೈತೆ.”

“ಬಿಡ್ಲಿ ಬಿಡಪ್ಪ. ಬಿರುಕಿನಾಗೆ ಎಷ್ಟು ಡಬ್ಬ ಇಟ್ಟೀಯ ಅಂತ ಕಾಣ್ತೈತೆ.”

ಚಿಕ್ಕಪ್ಪ ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವರು. ತೆಳ್ಳನೆಯ ಮೈ, ದೊಡ್ಡ ನಗು. ಪ್ರತಿವರ್ಷ ಹಗೇವಿಗೆ ಇಳಿಯುವವರು ಅವರೇ. ಮನೆಯಲ್ಲಿ ಆ ಬಾಯಿಗೆ ಹಿಡಿಸುತ್ತಿದ್ದ ಭುಜ ಅವರದೊಂದೇ ಎಂದು ಅವರಿಗೆ ಹೆಮ್ಮೆ. ಇಳಿದ ಮೇಲೆ ಒಳಗಿನಿಂದ ಸತ್ತವರ ದನಿಯಲ್ಲಿ ನನ್ನನ್ನು ಕೂಗಿ ಹೆದರಿಸುತ್ತಿದ್ದರು. ಕೂಗಿದರೆ ಓಗೊಡದೆ ಸುಮ್ಮನಿದ್ದು, ಅಜ್ಜಿ ಗಾಬರಿಯಾಗಿ ಬಗ್ಗಿದಾಗ “ಬೂ” ಅನ್ನುತ್ತಿದ್ದರು. ಅಜ್ಜಿ ಬೈಯುವುದು, ಅವರು ನಗುವುದು, ಇದು ಪ್ರತಿ ಸುಗ್ಗಿಯ ಆಟ.

ಹಗೇವಿನ ಉಪಾಯ ಹೊಳೆದದ್ದೂ ಅವರಿಗೇ. ಶ್ರಾವಣದ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದರು.

“ಅಣ್ಣ, ಜನ ನೋಡದು ಗೋಡೆ ಅಲ್ವಾ? ತೋರ್ಸಾಣ.”

“ಡಬ್ಬ ಎಲ್ಲಿ ಇಡ್ತೀಯಲೇ? ತಲೆ ಮೇಲಾ?”

“ಹಗೇವಿನಾಗೆ. ಈ ಕಡೀದು ಬರಿದಾಗೈತೆ. ಹೊಸ ಜೋಳ ಬರಾಕೆ ಇನ್ನೂ ಐದು ತಿಂಗಳೈತೆ.”

ಅಜ್ಜಿ ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟಳು. “ಅನ್ನ ಇಡೋ ಜಾಗದಾಗೆ ಎಣ್ಣೆ ಇಡ್ತೀರೇನ್ರೋ? ನಾಳೆ ಅದರಾಗಿನ ಮುದ್ದೆ ಯಾರು ನುಂಗ್ತಾರೆ?”

“ಅವ್ವ, ನಾನು ನುಂಗ್ತೀನಿ ಬಿಡು. ರಾತ್ರಿ ಹೊಟ್ಟೆಯಾಗೆ ದೀಪ ಇದ್ರೆ ಕೆಡುಕೇನು?”

ಅಪ್ಪ ನಗಲಿಲ್ಲ. ಅವರು ಲೆಕ್ಕ ಹಾಕುತ್ತಿದ್ದರು ಎಂದು ಅವರು ತುತ್ತು ಕಟ್ಟುವ ರೀತಿಯಿಂದಲೇ ಗೊತ್ತಾಗುತ್ತಿತ್ತು.

ಎರಡು ದಿನಗಳಲ್ಲಿ ಕೆಲಸ ಮುಗಿಯಿತು. ಡಬ್ಬಗಳನ್ನು ಬುಟ್ಟಿಯಲ್ಲಿಟ್ಟು ಮೇಲೆ ಹುಲ್ಲು ಮುಚ್ಚಿ ಅಂಗಡಿಯಿಂದ ಹಿತ್ತಿಲಿಗೆ ಸಾಗಿಸಿದೆವು. ತಳದಲ್ಲಿ ಹಳೆಯ ಹುಲ್ಲೂ ಉದುರಿದ ಜೋಳವೂ ಮೆತ್ತೆಯಾಗಿ ಬಿದ್ದಿದ್ದವು. ಅಪ್ಪ ಅದನ್ನು ಬಳಿದು ತೆಗೆಯಲು ಹೇಳಿದರು. ಚಿಕ್ಕಪ್ಪ ಬೇಡವೆಂದರು: “ಇರ್ಲಿ ಅಣ್ಣ, ಡಬ್ಬಕ್ಕೆ ಹಾಸಿಗೆ ಆಗ್ತೈತೆ.” ಒಟ್ಟು ಮೂವತ್ತಾರು ಡಬ್ಬ ಒಳಗೆ ಹೋದವು. ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿ ಅದರ ಮೇಲೆ ಸೌದೆ ಒಟ್ಟಿದೆವು. ಅಂಗಡಿಯ ರಾಶಿ ಎದೆಯ ಮಟ್ಟದಿಂದ ಮೊಣಕಾಲಿಗೆ ಇಳಿಯಿತು. ಗೋಡೆಯೆಲ್ಲ ಬೆಳ್ಳಗೆ.

ನನ್ನ ದಿನಚರಿಯಲ್ಲಿ ಆ ವಾರದ ಸಾಲುಗಳು ಒಂದೇ ಥರ ಇವೆ. ‘ರಾಶಿ ಮೊಣಕಾಲು. ಬೆಲೆ ಏರಿತು. ಮಳೆ ಇಲ್ಲ.’ ‘ರಾಶಿ ಮೊಣಕಾಲು. ಬೆಲೆ ಏರಿತು. ತುಂತುರು.’ ಭಾದ್ರಪದ ಕಳೆಯುವಷ್ಟರಲ್ಲಿ ಬಾಟಲಿಯ ಬೆಲೆ ಎರಡರಷ್ಟಾಗಿತ್ತು. ಸೀಮೆಎಣ್ಣೆ ಏರಿತೆಂದು ಹೊಂಗೆ ಎಣ್ಣೆ ಏರಿತು, ಹೊಂಗೆ ಏರಿತೆಂದು ಹರಳೆಣ್ಣೆ. ಹೆಂಗಸರು ಮಡಿಲು ಕಟ್ಟಿಕೊಂಡು ಹೊಂಗೆ ಬೀಜ ಆಯಲು ಹಳ್ಳದ ದಾರಿ ಹಿಡಿದರು. ಸಿಕ್ಕಿದ್ದು ಹಿಂದಿನ ಕಾಯಿಯ ಹುಳುಕು ಬೀಜ. ಸಂಜೆ ಆರಕ್ಕೇ ಉಂಡು ದೀಪ ಆರಿಸುವ ಮನೆಗಳು ನಮ್ಮ ಬೀದಿಯಲ್ಲೇ ಹೆಚ್ಚಾದವು. ಅಪ್ಪ ಒಂದೊಂದು ಮನೆಗೂ ವಾರಕ್ಕೊಂದೇ ಬಾಟಲಿ ಎಂದು ಗೊತ್ತು ಮಾಡಿದರು.

ಆ ಹೊತ್ತಿಗೆ ಕುರಿಯವರ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಯಜಮಾನಿ ಒಂದು ಸಂಜೆ ಬಾಟಲಿ ಹಿಡಿದು ಬಂದಳು. ಈ ಸಲ ಗೋಡೆಯ ಮಾತೆತ್ತಲಿಲ್ಲ.

“ಹುಡುಗಿಗೆ ನೋವು ಶುರುವಾಗೈತೆ ಸಾವ್ಕಾರ್ರೆ. ಒಂದು ಅರ್ಧ ಬಾಟ್ಲಿ ಕೊಡ್ರಿ.”

“ನಿಮ್ಮ ಮನೇದು ಆಗೈತಲ್ಲವ್ವ ಈ ವಾರ. ನೋಡು, ಗೋಡೆ ನೀನೇ ನೋಡು.”

ಅವಳು ನೋಡಿದಳು. ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು. ಚಿಕ್ಕಪ್ಪ ಒಳಗೆ ಹೋಗಿ ನಮ್ಮ ಪಡಸಾಲೆಯ ಲಾಟೀನಿನ ಎಣ್ಣೆಯನ್ನೇ ಒಂದು ಚೊಂಬಿಗೆ ಬಗ್ಗಿಸಿ ಬೇಲಿಯ ಮೇಲಿಂದ ಕೊಟ್ಟು ಬಂದರು. ಆ ರಾತ್ರಿ ನಮ್ಮ ಪಡಸಾಲೆಯಲ್ಲಿ ಕತ್ತಲೆ. ಅಪ್ಪ ಕತ್ತಲಲ್ಲೇ ಉಂಡು ಮಲಗಿದರು. ಬೆಳಗಿನ ಜಾವ ಹೆಣ್ಣುಮಗು ಹುಟ್ಟಿತು ಎಂದು ಅವತ್ತಿನ ದಿನಚರಿಯಲ್ಲಿ ಬರೆದಿದ್ದೇನೆ.

ಆಶ್ವಯುಜದಲ್ಲಿ ಚಿತ್ತೆ ಮಳೆ ಬಿಡದೆ ಹೊಯ್ದಿತು. ಹಿತ್ತಿಲಿನಲ್ಲಿ ನೀರು ನಿಂತಿತು. ಹಗೇವಿನ ಬಾಯಿಯ ಮಣ್ಣು ಒಂದು ಕಡೆ ಕುಸಿದದ್ದನ್ನು ಅಜ್ಜಿ ನೋಡಿ ಹೇಳಿದಳು. ಚಿಕ್ಕಪ್ಪ ಮೇಲಷ್ಟೇ ಹಸಿಮಣ್ಣು ಮೆತ್ತಿದರು. ಒಳಗೆ ನೀರು ಜಿನುಗಿದ್ದು, ಹುಲ್ಲೂ ಜೋಳವೂ ಕೊಳೆಯತೊಡಗಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಕಾರ್ತಿಕದ ಒಂದು ಬೆಳಿಗ್ಗೆ ಚಿಕ್ಕಜಾಜೂರಿನಿಂದ ನಮ್ಮ ಗಾಡಿಯವನು ಬಂದ. ನೊಗ ಇಳಿಸುವ ಮೊದಲೇ ಕೂಗಿದ.

“ಬಂದೈತ್ರಿ ಸಾವ್ಕಾರ್ರೆ! ಒಂದಲ್ಲ, ಎರಡು ವ್ಯಾಗನ್ನು. ಗೂಡ್ಸ್ ಶೆಡ್ಡಿನಾಗೆ ಕಾಲಿಡಾಕೆ ಜಾಗ ಇಲ್ಲ. ದುರ್ಗದೋರು ಆಗ್ಲೇ ಗಾಡಿ ಕಟ್ಕಂಡು ಹೊಂಟಾರೆ.”

“ಮೆಲ್ಲಗೆ ಮಾತಾಡಲೇ,” ಎಂದರು ಅಪ್ಪ.

ನಾಳೆ ಮಧ್ಯಾಹ್ನದೊಳಗೆ ಊರಿಗೆಲ್ಲ ತಿಳಿಯುತ್ತದೆ. ತಿಳಿದ ಕೂಡಲೇ ಬೆಲೆ ಬೀಳುತ್ತದೆ. ಹಗೇವಿನೊಳಗಿನ ಡಬ್ಬಗಳನ್ನು ಏರಿದ ಬೆಲೆಗೆ ಮಾರಬೇಕಾದರೆ ಸುದ್ದಿ ಇನ್ನೂ ಮುಟ್ಟದ ಕಡೆಗೆ, ಹಿರಿಯೂರು ದಾಟಿ ಧರ್ಮಪುರದ ಸಂತೆಯವರೆಗೆ, ಅವತ್ತೇ ಗಾಡಿ ಹೊರಡಬೇಕು. ಅಪ್ಪ ಇನ್ನೊಂದು ಗಾಡಿ ಗೊತ್ತು ಮಾಡಲು ಆಳೊಬ್ಬನನ್ನು ಕಳಿಸಿ, ಚಿಕ್ಕಪ್ಪನನ್ನು ಕರೆದುಕೊಂಡು ಹಿತ್ತಿಲಿಗೆ ಬಂದರು. ಸೌದೆ ಸರಿಸಿದೆವು. ಗಾಡಿಯವನೂ ನಾನೂ ಚಪ್ಪಡಿಯನ್ನು ಮೀಟಿ ಸರಿಸಿದೆವು.

ಸೀಮೆಎಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಯಾವುದೋ ಡಬ್ಬ ಬೆಸುಗೆ ಬಿಟ್ಟು ಸೋರಿತ್ತು. ಗಾಳಿ ಕೆಟ್ಟ ಹಗೇವಿನಿಂದ ಹುಳಿಬಂದ ಕಾಳಿನ ವಾಸನೆ ಬರುತ್ತದೆ. ಹಗೇವು ಇಟ್ಟವರಿಗೆಲ್ಲ ಅದು ಗೊತ್ತು. ಅವತ್ತು ಅದು ಬಂದಿದ್ದರೂ ಎಣ್ಣೆಯ ವಾಸನೆಯ ಅಡಿಯಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ.

ಅಜ್ಜಿ ಅಭ್ಯಾಸದಂತೆ ಬುಡ್ಡಿ ದೀಪ ಹಚ್ಚಿಕೊಂಡು ಬಂದಳು. ಅಪ್ಪ ಓಡಿಹೋಗಿ ಅದನ್ನು ಊದಿ ಆರಿಸಿದರು.

“ಅವ್ವ! ಎಣ್ಣೆ ಸೋರೈತೆ. ದೀಪ ಇಳಿಸಿದ್ರೆ ಮನೆ ಹತ್ಕಂಡು ಉರಿತೈತೆ.”

“ಹಂಗಾದ್ರೆ ಬಿಸಿಲು ನೆತ್ತಿಗೆ ಬರಾವರ್ಗೂ ಬಿಡ್ರೋ. ಕೊಂಬೆ ಆಡಿಸ್ರಿ.”

“ಅಷ್ಟೊತ್ತು ಎಲ್ಲೈತೆ?”

ಹೊತ್ತಿಲ್ಲದಿರುವುದಕ್ಕೆ ಇನ್ನೊಂದು ಕಾರಣ ಬೇಲಿಯಾಚೆ ಆಗಲೇ ನಿಂತಿತ್ತು. ನಮ್ಮ ಬೀದಿಯಲ್ಲಿ ಯಾರ ಮನೆಯ ಹಗೇವು ತೆರೆದರೂ ಅವತ್ತು ನೆರೆಯ ಹೆಂಗಸರು ಮೊರ ಹಿಡಿದು ಬರುತ್ತಾರೆ. ಮೊರಕ್ಕೊಂದು ಬೊಗಸೆ ಕಾಳು ಹಾಕಿಯೇ ಮನೆಯವರು ಒಳಗೆ ಒಯ್ಯಬೇಕು. ಚಪ್ಪಡಿ ಸರಿದ ಸದ್ದಿಗೆ ಕುರಿಯವರ ಯಜಮಾನಿ, ಅವಳ ಸೊಸೆ, ಎದುರು ಮನೆಯ ಮುದುಕಿ ಮೊರದೊಂದಿಗೆ ಬಂದಿದ್ದರು.

“ಈಗ್ಯಾಕ್ರಿ ಹಗೇವು ತೆಗ್ದೀರಿ? ಜೋಳ ಮುಗೀತಾ?” ಎಂದು ಯಜಮಾನಿ ಕೇಳಿದಳು. “ಏನೋ ವಾಸ್ನೆ ಬರ್ತೈತಪ್ಪ.”

ಅಪ್ಪ ನನಗೆ, “ಹೋಗಿ ಬೇಲಿ ಬಾಗಿಲು ಹಾಕು,” ಎಂದರು. ಚಿಕ್ಕಪ್ಪ ಅಂಗಿ ಕಳಚಿ ಕೊರಳಿನ ಲಿಂಗದ ಕರಡಿಗೆಯನ್ನು ಬೆನ್ನ ಕಡೆಗೆ ಸರಿಸಿಕೊಂಡು ಸೊಂಟಕ್ಕೆ ಹಗ್ಗ ಬಿಗಿದರು. ಅಜ್ಜಿ ಅವರ ರಟ್ಟೆ ಹಿಡಿದಳು.

“ಎಣ್ಣೆ ವಾಸ್ನೆಗೆ ಸತ್ತೋರುಂಟಾ ಅವ್ವ? ಹಂಗಿದ್ರೆ ನಾನು ಅಂಗಡಿಯಾಗೆ ದಿನಾ ಸಾಯಬೇಕಿತ್ತು.”

ಇಳಿದರು. ಭುಜ ಸರಾಗವಾಗಿ ಹೋಯಿತು. ತಳ ಮುಟ್ಟಿದ ಮೇಲೆ ಒಳಗಿನಿಂದ ದನಿ ಬಂತು. “ಇಲ್ಲಿ ತಂಪೈತೆ ಅಣ್ಣ. ನೀನೂ ಬಾ, ಒಂದು ಗಳಿಗೆ ಮಲಗಾಣ.”

“ಮೊದ್ಲು ಡಬ್ಬ ಕಳಿಸಲೇ.”

ಉದ್ದದ ಹಗ್ಗ ಕೈಗೆ ಸಿಕ್ಕಿದ್ದು ಅದೊಂದೇ. ಅವರು ಸೊಂಟದಿಂದ ಬಿಚ್ಚಿ ಡಬ್ಬದ ಹಿಡಿಗೆ ಕಟ್ಟಿದರು. ಮೊದಲನೆಯ ಡಬ್ಬ ಬಂತು. ಎರಡನೆಯದು ಬಂತು. ಮೂರನೆಯದನ್ನು ಕಟ್ಟಲು ಹೊತ್ತು ಹಿಡಿಯಿತು. ಮೇಲೆ ಬಂದಾಗ ಗಂಟು ಸಡಿಲವಾಗಿತ್ತು. ನಾಲ್ಕನೆಯ ಸಲ ಹಗ್ಗ ಇಳಿಬಿಟ್ಟೆವು. ಕೆಳಗಿನಿಂದ ಜಗ್ಗಲಿಲ್ಲ.

“ಲೇ ತಮ್ಮ.”

ಮಾತಿಲ್ಲ.

“ಏನಲೇ ಆಟ ಆಡ್ತೀಯ, ಹೊತ್ತಾಗ್ತೈತೆ,” ಎಂದು ಅಪ್ಪ ರೇಗಿದರು. ಗಾಡಿಯವನು ನಕ್ಕ. ನನಗೂ ಆಟವೆಂದೇ ಅನಿಸಿತು. ಪ್ರತಿವರ್ಷ ಕೇಳುವ “ಬೂ” ಅನ್ನುವುದಕ್ಕೆ ಕಾಯುತ್ತಿದ್ದೆ. ಅಪ್ಪ ಹಗ್ಗವನ್ನು ಅಲ್ಲಾಡಿಸಿ ಇನ್ನೊಂದು ಬೈಗುಳ ಬೈದರು. ಅಜ್ಜಿ ಮಾತ್ರ ಬಗ್ಗಿ ಕಿವಿಗೊಟ್ಟಳು. ಎದ್ದವಳು ಅಪ್ಪನ ಕಡೆ ನೋಡಲಿಲ್ಲ. ಬೇಲಿಯ ಕಡೆ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದಳು.

ಅಪ್ಪ ಬಾಯಿಯೊಳಗೆ ಕಾಲು ಇಳಿಬಿಟ್ಟರು. ಅವರ ಭುಜ ಅದರಲ್ಲಿ ಹಿಡಿಸುವುದಿಲ್ಲ; ಆದರೂ ಒತ್ತುತ್ತಿದ್ದರು. ಗಾಡಿಯವನು ಸೊಂಟ ಹಿಡಿದು ಹಿಂದಕ್ಕೆಳೆದ. ಅಷ್ಟರಲ್ಲಿ ಬೇಲಿಯ ಬಾಗಿಲನ್ನು ಒದ್ದು ಕುರಿಯವರ ಯಜಮಾನ ಒಳಗೆ ಬಂದ. ಕಂಬಳಿಯನ್ನು ನೀರಿನ ಬಾನಿಗೆ ಅದ್ದಿ, ಹಗ್ಗಕ್ಕೆ ಕಟ್ಟಿ, ಇಳಿಸಿ ಎತ್ತಿ ಇಳಿಸಿ ಎತ್ತಿ ಗಾಳಿ ಆಡಿಸಿದ. “ಬಾವಿ ಹಗ್ಗ ತರ್ರಿ ಯಾರಾದ್ರೂ!” ಎಂದ. ನಾನು ರಾಟೆಯಿಂದ ಹಗ್ಗ ಕಿತ್ತು ತರುವಷ್ಟರಲ್ಲಿ ಅವನ ಮಗ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ನಿಂತಿದ್ದ. ಅವನ ಸೊಂಟಕ್ಕೆ ಬಿಗಿದು ಇಳಿಸಿದೆವು. ಒಂದು ಸಲ ಹಗ್ಗ ಜಗ್ಗಿದ. ಚಿಕ್ಕಪ್ಪನಿಲ್ಲದೆ ಅವನೊಬ್ಬನನ್ನೇ ಮೇಲಕ್ಕೆ ಎಳೆದುಕೊಳ್ಳಬೇಕಾಯಿತು. ಕೆಮ್ಮಿ, ಉಗುಳಿ, ಮತ್ತೆ ಇಳಿದ. ಎರಡನೆಯ ಸಲ ಚಿಕ್ಕಪ್ಪನ ಕಂಕುಳಿಗೆ ಹಗ್ಗ ಹಾಕಿದ.

ಮೈಮೇಲೆ ಗಾಯವಿರಲಿಲ್ಲ. ಒಂದು ಕೆನ್ನೆಗೆ ಎಣ್ಣೆ ಮೆತ್ತಿತ್ತು. ಹಣೆಯ ವಿಭೂತಿ ಅಳಿಸಿರಲಿಲ್ಲ. ಬೇವಿನ ಮರದ ನೆರಳಿಗೆ ಎತ್ತಿ ಮಲಗಿಸಿದೆವು. ಕಿರುಚಿದ್ದು ಕೇಳಿ ಒಳಗಿನಿಂದ ಓಡಿಬಂದಿದ್ದ ಚಿಕ್ಕಮ್ಮ ಗಂಡನ ಅಂಗಾಲು ತಿಕ್ಕಿದರು. ಕಾಳಿಗೆಂದು ಮೊರ ತಂದಿದ್ದ ಹೆಂಗಸರು ಆ ಮೊರಗಳಿಂದಲೇ ಮುಖಕ್ಕೆ ಗಾಳಿ ಬೀಸಿದರು. ಕುರಿಯವರ ಯಜಮಾನಿ ಬೀಸುತ್ತಾ ಹಗೇವಿನ ಬಾಯಿಯ ಪಕ್ಕದಲ್ಲಿದ್ದ ಮೂರು ಡಬ್ಬಗಳನ್ನು ನೋಡಿದಳು. ಅಪ್ಪನನ್ನು ನೋಡಿದಳು. ಮೊರವನ್ನು ಇನ್ನಷ್ಟು ಜೋರಾಗಿ ಬೀಸಿದಳು. ಇನ್ನು ಬೀಸಿ ಪ್ರಯೋಜನವಿಲ್ಲ ಎಂದು ಎಲ್ಲರಿಗೂ ತಿಳಿದ ಮೇಲೂ ಅವಳ ಮೊರ ನಿಲ್ಲಲಿಲ್ಲ. ಕೊನೆಗೆ ಅಜ್ಜಿಯೇ ಅವಳ ಕೈ ಹಿಡಿದು, “ಸಾಕು ಬಿಡವ್ವ,” ಎಂದಳು.

ಸಂಜೆಯೊಳಗೆ ನಮ್ಮ ತೋಟದ ಅಂಚಿನಲ್ಲಿ ಕೂರಿಸಿ ಮಣ್ಣು ಮಾಡಿದೆವು. ಮಠದಿಂದ ಅಯ್ಯನವರು ಬಂದಿದ್ದರು. ಧರ್ಮಪುರಕ್ಕೆಂದು ಗೊತ್ತು ಮಾಡಿದ್ದ ಎರಡನೆಯ ಗಾಡಿ ಮನೆಯ ಮುಂದೆ ಬಂದು ನಿಂತಿತ್ತು. ಅದರಲ್ಲೇ ತೋಟದವರೆಗೆ ಒಯ್ದದ್ದು.

ಮಾರನೆಯ ದಿನ ಚಿಕ್ಕಜಾಜೂರಿನ ಗಾಡಿಗಳು ಬಂದವು. ಅಂಗಡಿ ತೆರೆದಿರಲಿಲ್ಲ, ಗಾಡಿಯವನೇ ಬೀಗ ತೆಗೆದು ಡಬ್ಬಗಳನ್ನು ಇಳಿಸಿಕೊಂಡ. ರಾಶಿ ತಲೆಗಿಂತ ಮೇಲೆ ಹೋಯಿತು, ಗೋಡೆ ಮುಚ್ಚಿತು. ಒಂದು ವಾರದಲ್ಲಿ ಬಾಟಲಿಯ ಬೆಲೆ ಶ್ರಾವಣದ ಮೊದಲಿಗಿಂತಲೂ ಕೆಳಗಿತ್ತು. ಹೊಂಗೆ ಎಣ್ಣೆಯನ್ನು ಕೇಳುವವರಿಲ್ಲ. ಕೊಳ್ಳಲು ಬಂದವರು ಗೋಡೆಯ ಕಡೆ ನೋಡುವುದನ್ನು ಬಿಟ್ಟಿದ್ದರು. ಹಣ ಇಟ್ಟು, ಎಣ್ಣೆ ತೆಗೆದುಕೊಂಡು ಹೋಗುತ್ತಿದ್ದರು. ಅಪ್ಪನಿಗೆ ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು.

ಹನ್ನೊಂದನೆಯ ದಿನದವರೆಗೆ ಅಜ್ಜಿ ಮನೆಯಲ್ಲಿ ಸೀಮೆಎಣ್ಣೆ ಹಚ್ಚಗೊಡಲಿಲ್ಲ. ಹರಳೆಣ್ಣೆಯ ಸಣ್ಣ ಬೆಳಕಿನಲ್ಲಿ ಬಂದವರ ಮುಖಗಳು ಸರಿಯಾಗಿ ಕಾಣುತ್ತಿರಲಿಲ್ಲ. ಅದೂ ಒಳ್ಳೆಯದೇ ಆಯಿತು. ಹನ್ನೆರಡನೆಯ ದಿನ ಅಪ್ಪ ಆಳುಗಳನ್ನು ಕರೆಸಿ ಎರಡು ಗಾಡಿ ಮಣ್ಣು ತರಿಸಿ ಆ ಹಗೇವನ್ನು ಮುಚ್ಚಿಸಿದರು. ಒಳಗೆ ಮೂವತ್ತಮೂರು ಡಬ್ಬ ಹಾಗೆಯೇ ಇದ್ದವು. ಅವನ್ನು ತೆಗೆಯುತ್ತೀರಾ ಎಂದು ಅಪ್ಪ ಆಳುಗಳನ್ನು ಕೇಳಲಿಲ್ಲ.

ಮುಂದಿನ ವರ್ಷ ಮತ್ತೆ ವ್ಯಾಗನ್ನು ನಿಂತಿತು. ರಾಶಿ ಸೊಂಟಕ್ಕಿಳಿಯಿತು, ಮೊಣಕಾಲಿಗಿಳಿಯಿತು. ದುರ್ಗದ ವ್ಯಾಪಾರಿಯೊಬ್ಬರು ಹುಡುಕಿಕೊಂಡು ಬಂದು, ಕಾಫಿ ಕುಡಿದು, ಹಿತ್ತಿಲಿನ ಕಡೆ ಕಣ್ಣು ಹಾಯಿಸಿ ಹೇಳಿದರು: “ತಪ್ಪು ತಿಳೀಬ್ಯಾಡ್ರಿ. ನಾಲ್ಕು ಆಳು ನಾನೇ ಕಳಿಸ್ತೀನಿ, ಮೇಲಿಂದ ಅಗೆಸಾಣ. ಈಗಿನ ರೇಟಿನಾಗೆ ಅಷ್ಟು ಸ್ಟಾಕು ಮಣ್ಣಾಗೆ ಯಾಕಿರಬೇಕು?”

ಅಪ್ಪ, “ಅದು ಸ್ಟಾಕಲ್ಲ ಸ್ವಾಮಿ,” ಎಂದು ಎದ್ದುಹೋದರು. ಅವತ್ತಿನ ದಿನಚರಿಯಲ್ಲಿ ರಾಶಿಯ ಎತ್ತರವನ್ನೂ ಬೆಲೆಯನ್ನೂ ಎಂದಿನಂತೆ ಬರೆದೆ.

ಆ ಮಾತು ಅಡುಗೆಮನೆಯ ಬಾಗಿಲಲ್ಲಿದ್ದ ಚಿಕ್ಕಮ್ಮನ ಕಿವಿಗೂ ಬಿದ್ದಿತ್ತು. ಅವರು ಆ ಒಂದು ವರ್ಷದಲ್ಲಿ ಹಗೇವಿನ ಮಾತನ್ನೇ ಎತ್ತಿದವರಲ್ಲ. ಸಂಜೆ ಲಾಟೀನಿನ ಗಾಜನ್ನು ಬೂದಿಯಲ್ಲಿ ತಿಕ್ಕುತ್ತಾ ನನ್ನನ್ನು ಕರೆದರು.

“ಮೂರು ಡಬ್ಬ ಮೇಲೆ ಬಂದಿದ್ವಲ್ಲಪ್ಪ. ಅವರು ಕಟ್ಟಿಕೊಟ್ಟಿದ್ದು. ಅವೇನಾದ್ವು?”

“ಗಾಡಿಯವನು ಹಿತ್ತಿಲು ಖಾಲಿ ಮಾಡಾಕೆ ಅಂತ ಅಂಗಡಿಯ ಹೊಸ ರಾಶಿ ಮೇಲೆ ಇಟ್ಟಿದ್ದ ಚಿಕ್ಕಮ್ಮ. ಮೇಲಿದ್ದವು. ಅವೇ ಮೊದ್ಲು ಖರ್ಚಾದ್ವು.”

“ಯಾರ ಮನೆಗೆ ಹೋದ್ವು?”

“ಬೀದಿಯೋರಿಗೆಲ್ಲ. ಒಂದೊಂದು ಬಾಟ್ಲಿ.”

ಅವರು ಗಾಜನ್ನು ಬೆಳಕಿಗೆ ಹಿಡಿದು ನೋಡಿದರು. “ನಮ್ಮ ಮನೆಗೂ?”

ಹನ್ನೆರಡನೆಯ ದಿನ ಈ ಲಾಟೀನಿಗೆ ಎಣ್ಣೆ ತುಂಬಿ ತಂದವನು ನಾನೇ. ತುಂಬಿದ್ದು ರಾಶಿಯ ಮೇಲೆ ಉಳಿದಿದ್ದ, ಆ ಮೂರರಲ್ಲಿ ಕೊನೆಯ ಡಬ್ಬದಿಂದ.

“ಹೂಂ, ಚಿಕ್ಕಮ್ಮ.”

ಚಿಕ್ಕಮ್ಮ ಗಾಜನ್ನು ಸೆರಗಿನಿಂದ ಇನ್ನೊಮ್ಮೆ ಒರೆಸಿ ಲಾಟೀನಿಗೆ ಕೂರಿಸಿದರು. ಬತ್ತಿ ಹಚ್ಚಿ, ತಗ್ಗಿಸಿ, ಪಡಸಾಲೆಯ ಮೊಳೆಗೆ ತಗುಲಿಹಾಕಿ, ಮುದ್ದೆಗೆ ನೀರಿಡಲು ಒಳಗೆ ಹೋದರು.